ಹಳೆಯ ಐ7 ಕೊಳ್ಳಲೇ, ಹೊಸ ಐ5 ಕೊಳ್ಳಲೇ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಮುಖ್ಯ ಕೆಲಸ. ಕೋರೆಲ್‌ಡ್ರಾ, ಫೋಟೋಶಾಪ್, ನುಡಿ ಬಳಸುತ್ತೇನೆ. ಯಜಮಾನರು ಯಕ್ಷಗಾನದ ವಿಡಿಯೊ ಮಾಡುತ್ತಾರೆ, ಈ ವರ್ಷ 4ಕೆ ಕ್ಯಾಮೆರಾ ತೆಗೆದುಕೊಂಡಿದ್ದಾರೆ. ಈಗಿರುವ ಕಂಪ್ಯೂಟರಿನಲ್ಲಿ ಆ ವಿಡಿಯೊ ತೆರೆದರೆ ನಿಂತು ನಿಂತು ಓಡುತ್ತದೆ. ಮೂರು ಕಡೆ ವಿಚಾರಿಸಿದೆ. ಮಂಗಳೂರಿನಲ್ಲಿ 15,500 ರೂಪಾಯಿಗೆ ಐ7, ಉಡುಪಿಯಲ್ಲಿ 38,000ಕ್ಕೆ 12ನೇ ಜನರೇಷನ್ ಐ5, ಇನ್ನೊಂದು ಕಡೆ 57,000ಕ್ಕೆ ಕೋರ್ ಅಲ್ಟ್ರಾ 5. ಮೂರರಲ್ಲೂ 16 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ. ಐ5ಗಿಂತ ಐ7 ಮೇಲಲ್ಲವೇ? ಮತ್ತೇಕೆ ಅದು ಅಷ್ಟು ಅಗ್ಗ? ಕೊಟೇಶನ್‌ಗಳ ಫೋಟೋ ಕಳುಹಿಸಿದ್ದೇನೆ. ಹಳೆಯ ಮಾನಿಟರನ್ನೇ ಇಟ್ಟುಕೊಳ್ಳಬಹುದೇ?

ಉತ್ತರ: ಕೊಟೇಶನ್ ಚೀಟಿಗಳನ್ನು ಕಳುಹಿಸಿದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅವುಗಳಲ್ಲೇ ಇದೆ.

ಮೊದಲನೆಯ ಚೀಟಿಯಲ್ಲಿ ‘ಐ7 ಪ್ರೊಸೆಸರ್’ ಎಂದಷ್ಟೇ ಬರೆದಿದ್ದಾರೆ. ಯಾವ ಐ7 ಎಂದಿಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿ ‘ಎಚ್81 ಬೋರ್ಡ್, ಡಿಡಿಆರ್3’ ಎಂದಿದೆ. ಡಿಡಿಆರ್3 ಎಂದರೆ ಹಳೆಯ ಬಗೆಯ ರ್ಯಾಮ್. ಎಚ್81 ಎಂಬುದು 2013ರ ಚಿಪ್‌ಸೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್‌ಗೆ ಉಳಿದ ಭಾಗಗಳನ್ನು ಜೋಡಿಸುವ ಚಿಪ್. ಅದರ ಮೇಲೆ ಕೂರುವುದು ಇಂಟೆಲ್‌ನ 4ನೇ ತಲೆಮಾರಿನ ಪ್ರೊಸೆಸರ್. ಅಂದರೆ ನಿಮಗೆ ಕೊಡುತ್ತಿರುವುದು ಐ7-4770 ಅಥವಾ ಅದರ ಒಡಹುಟ್ಟಿದ ಇನ್ನೊಂದು, ಹತ್ತು ವರ್ಷ ದಾಟಿದ ಚಿಪ್. ಬೆಲೆ ಅಗ್ಗವಾಗಿರುವುದು ಅದಕ್ಕಾಗಿ.

ಐ3, ಐ5, ಐ7 ಎಂಬುದು ಒಂದೇ ವರ್ಷದ ಚಿಪ್‌ಗಳ ನಡುವಿನ ಅಂತಸ್ತು ಮಾತ್ರ. ಒಂದು ತಲೆಮಾರಿನ ಐ7 ಅನ್ನು ಇನ್ನೊಂದು ತಲೆಮಾರಿನ ಐ5 ಜತೆ ಆ ಹೆಸರಿನ ಬಲದಿಂದ ಅಳೆಯಲಾಗದು. ಅಳೆಯಬೇಕಾದದ್ದು ಅಡ್ಡಗೆರೆಯ ನಂತರ ಬರುವ ಸಂಖ್ಯೆಯನ್ನು. 4770ರಲ್ಲಿ ಮೊದಲ ಅಂಕಿ 4, ಅದು 4ನೇ ತಲೆಮಾರು. 12400ರಲ್ಲಿ ಮೊದಲೆರಡು ಅಂಕಿ 12, ಅದು 12ನೇ ತಲೆಮಾರು. ಆ ಸಂಖ್ಯೆ ಬರೆಯದ ಚೀಟಿಯನ್ನು ಕೊಟೇಶನ್ ಎಂದೇ ಪರಿಗಣಿಸಬೇಡಿ.

ಹಳೆಯದು, ಹೊಸದು ಎರಡರಲ್ಲೂ ಸುಮಾರು 4 ಗಿಗಾಹರ್ಟ್ಜ್ ಎಂದೇ ಇರುವಾಗ ಹೊಸದು ಹೇಗೆ ವೇಗವಾಗುತ್ತದೆ ಎಂದು ನನ್ನ ಅಂಗಡಿಗೆ ಬಂದವರು ಕೇಳುತ್ತಿರುತ್ತಾರೆ. ಅಡಿಕೆ ಸುಲಿಯುವುದನ್ನು ನೀವು ನೋಡಿರುತ್ತೀರಿ. ಇಬ್ಬರ ಕೈಯೂ ಒಂದೇ ಲಯದಲ್ಲಿ ಆಡುತ್ತಿರುತ್ತದೆ. ಒಬ್ಬರು ಒಂದು ಅಡಿಕೆಗೆ ನಾಲ್ಕು ಸಲ ಕತ್ತಿಗೆ ಕೊಡುತ್ತಾರೆ, ಪಳಗಿದವರು ಎರಡೇ ಸಲಕ್ಕೆ ಸಿಪ್ಪೆ ಬಿಡಿಸಿ ಎಸೆಯುತ್ತಾರೆ. ಗಿಗಾಹರ್ಟ್ಜ್ ಎಂದರೆ ಕೈ ಎಷ್ಟು ಬೇಗ ಆಡುತ್ತದೆ ಎಂಬ ಲೆಕ್ಕ. ಒಂದು ಏಟಿಗೆ ಎಷ್ಟು ಕೆಲಸವಾಗುತ್ತದೆ ಎಂಬುದು ಅದರಲ್ಲಿ ಇಲ್ಲ, ಅದು ತಲೆಮಾರಿನಿಂದ ತಲೆಮಾರಿಗೆ ಬೆಳೆಯುವ ಕಸುಬು. ಕೋರ್ ಎಂದರೆ ಅಂಗಳದಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂಬುದು.

2011ರ ಐ7-2600ರಿಂದ 2017ರ ಐ7-7700ರವರೆಗೆ ಮನೆ-ಕಚೇರಿ ದರ್ಜೆಯ ಐ7ನಲ್ಲಿ ಇದ್ದದ್ದು ನಾಲ್ಕೇ ಕೋರ್. ಆರು ವರ್ಷ ಅಂಗಳದಲ್ಲಿ ಜನ ಹೆಚ್ಚಲಿಲ್ಲ, ಕೈಚಳಕ ಸ್ವಲ್ಪ ಸ್ವಲ್ಪ ಬೆಳೆಯಿತು. 2017ರಲ್ಲಿ ಎಎಂಡಿ ಕಂಪನಿಯ ರೈಜನ್ ಬಂದ ಮೇಲೆ ಪೈಪೋಟಿ ಹುಟ್ಟಿತು. ಅದೇ ವರ್ಷದ ಕೊನೆಗೆ ಇಂಟೆಲ್‌ನ 8ನೇ ತಲೆಮಾರಿನಲ್ಲಿ ಐ5ಗೂ ಆರು ಕೋರ್ ಸಿಕ್ಕಿತು. ಮತ್ತೊಂದು ದೊಡ್ಡ ಜಿಗಿತ 12ನೇ ತಲೆಮಾರಿನದು. 2022ರ ಆರಂಭದಲ್ಲಿ ಬಂದ ಐ3-12100ರಲ್ಲಿ ಇರುವುದೂ ನಾಲ್ಕೇ ಕೋರ್, ಆದರೂ ಅದು ಒಂದು ಕೋರ್‌ನ ಕೆಲಸದಲ್ಲಿ ಐ7-4770ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ವೇಗ, ಎಲ್ಲ ಕೋರ್ ಸೇರಿದಾಗ ಹೆಚ್ಚುಕಡಿಮೆ ಇಮ್ಮಡಿ. ಐ5-12400ರಲ್ಲಿ ಆರು ಕೋರ್, ಹನ್ನೆರಡು ತ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಎಳೆಗಳು). ಅದು ಆ ಹಳೆಯ ಐ7ನ ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದೆ.

ಕೋರೆಲ್‌ಡ್ರಾದ ಬಹುಪಾಲು ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. ಬ್ರಹ್ಮಕಲಶೋತ್ಸವದ ಪತ್ರಿಕೆಯಲ್ಲಿ ಸ್ವಾಮೀಜಿಯವರ ಚಿತ್ರ, ಗರ್ಭಗುಡಿಯ ಚಿತ್ರ, ಅಂಚಿನ ಬಳ್ಳಿ, ಎರಡು ಪುಟ ತುಂಬ ದಾನಿಗಳ ಹೆಸರು ಎಲ್ಲ ಇಟ್ಟುಕೊಂಡು ಒಂದು ನೆರಳು ಸರಿಸಿದಾಗ ಪರದೆ ತಡೆದು ನಿಲ್ಲುತ್ತದಲ್ಲ, ಅದು ಒಂದು ಕೋರ್ ಏದುಸಿರು ಬಿಡುವ ಹೊತ್ತು. ಅಲ್ಲಿ ನಿಮಗೆ ಬೇಕಾದದ್ದು ಪಳಗಿದ ಕೈ.

ಆದರೂ ವೇಗದ ಕಾರಣಕ್ಕೇ ಹಳೆಯದನ್ನು ಬೇಡ ಎನ್ನುವವನು ನಾನಲ್ಲ. ಐ7-4770ರಲ್ಲಿ ಕಾರ್ಡು ವಿನ್ಯಾಸ ಇಂದಿಗೂ ಮಾಡಬಹುದು. ನನ್ನ ಆಕ್ಷೇಪ ಇರುವುದು ಚಿಪ್ ಬಗ್ಗೆ ಅಲ್ಲ, ಅದರ ಸಂಸಾರದ ಬಗ್ಗೆ. ಪ್ರೊಸೆಸರ್ ಒಂಟಿಯಾಗಿ ಬರುವುದಿಲ್ಲ. ಯಾವ ಬೋರ್ಡು, ಯಾವ ರ್ಯಾಮು, ಯಾವ ವಿಂಡೋಸು, ಕೆಟ್ಟರೆ ಯಾವ ಬಿಡಿಭಾಗ ಎಂಬುದನ್ನೆಲ್ಲ ಅದು ತನ್ನ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಇಪ್ಪತ್ತು ವರ್ಷಗಳಿಂದ ಈ ಊರುಗಳ ಕಂಪ್ಯೂಟರ್ ಬಿಚ್ಚುತ್ತಿದ್ದೇನೆ, ತಾನಾಗಿ ಸತ್ತ ಪ್ರೊಸೆಸರ್‌ಗಳನ್ನು ಬೆರಳಿನಲ್ಲಿ ಎಣಿಸಬಹುದು. ಸಾಯುವುದು ಬೋರ್ಡು.

ಹೋದ ಮಳೆಗಾಲದಲ್ಲಿ ಮಲ್ಪೆಯಿಂದ ಒಂದು ಕಂಪ್ಯೂಟರ್ ಬಂತು. ಮೀನಿನ ಲೆಕ್ಕ ಬರೆಯುವ ಕೋಣೆಯದು, ಬಂದರಿಗೆ ಎದುರಾಗಿ ಕಿಟಕಿ. ಪಕ್ಕದ ತಗಡಿನ ಸ್ಕ್ರೂಗಳ ತಲೆ ತುಕ್ಕು ಹಿಡಿದು ಸವೆದಿದ್ದವು, ಸ್ಕ್ರೂಡ್ರೈವರ್ ಕಚ್ಚುತ್ತಿರಲಿಲ್ಲ. ಒಳಗೆ ಬೋರ್ಡಿನ ಹಿಂಬದಿಯ ಪೋರ್ಟುಗಳ ಲೋಹದ ಮೇಲೆ ಬಿಳಿ ಪುಡಿ, ರ್ಯಾಮ್ ಸ್ಲಾಟಿನ ಹತ್ತಿರದ ಎರಡು ಬೆಸುಗೆಗಳ ಸುತ್ತ ಹಸಿರು ಕಲೆ. ರ್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿದೆ. ಎರಡು ದಿನ ನಡೆಯಿತು, ಮತ್ತೆ ನಿಂತಿತು. ಬೋರ್ಡು ಬದಲಿಸುವುದೇ ದಾರಿ. ಅದು 3ನೇ ತಲೆಮಾರಿನ ಯಂತ್ರ. ಒಳ್ಳೆಯ ಹೆಸರಿನ ಕಂಪನಿಗಳು ಆ ಬೋರ್ಡು ತಯಾರಿಸುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದೆ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಬೋರ್ಡು ಹಾಕಿಕೊಟ್ಟೆ. ಆರು ತಿಂಗಳಿಗೆ ಅದೂ ಕೈಕೊಟ್ಟಿತು.

ನಮ್ಮದು ಉಪ್ಪುಗಾಳಿಯ ಕರಾವಳಿ. ಮಳೆಗೆ ಮುನ್ನ ಒಮ್ಮೆ, ಮಳೆ ಹಿಂದೆ ಸರಿಯುವಾಗ ಇನ್ನೊಮ್ಮೆ ಸಿಡಿಲಿನ ಕಾಲ. ನಿಮ್ಮ ಬೋರ್ಡು ಏಪ್ರಿಲ್‌ನಲ್ಲಿ ಹೋದರೆ ಪತ್ತನಾಜೆಯವರೆಗೆ (ಮೇ ಕೊನೆಯ ವಾರದಲ್ಲಿ ಉತ್ಸವಗಳು ಮುಗಿಯುವ ದಿನ) ಜಾತ್ರೆ, ನೇಮ, ಕಲಶ ಎಂದು ಕೆಲಸ ತುಂಬಿರುವ ಹೊತ್ತಿನಲ್ಲಿ ಅಂಗಡಿ ಬಾಗಿಲು ಹಾಕಿ ಕೂರಬೇಕು. 12ನೇ ತಲೆಮಾರಿನದಾದರೆ ಅದೇ ದಿನ ಉಡುಪಿಯಲ್ಲೋ ಮಂಗಳೂರಿನಲ್ಲೋ ಹೊಸ ಬೋರ್ಡು ಸಿಗುತ್ತದೆ. 12, 13, 14 ಮೂರೂ ತಲೆಮಾರು ಕೂರುವುದು ಎಲ್‌ಜಿಎ 1700 ಎಂಬ ಒಂದೇ ಬಗೆಯ ಸಾಕೆಟ್‌ನಲ್ಲಿ. ಹಾಗಾಗಿ ಆ ಬೋರ್ಡುಗಳು ಇನ್ನೂ ಕೆಲವು ವರ್ಷ ಪೇಟೆಯಲ್ಲಿ ಇರುತ್ತವೆ.

ಹಳೆಯ ಐ7 ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ. ಡಬ್ಬಿ ಹೊಸದು, ಕ್ಯಾಬಿನೆಟ್‌ಗೆ ಬಣ್ಣದ ದೀಪ, ಖಾತರಿ ಚೀಟಿಯೂ ಇರುತ್ತದೆ. ಒಳಗಿನ ಪ್ರೊಸೆಸರ್ ಮಾತ್ರ ಎಲ್ಲೋ ಕಚೇರಿಯಿಂದ ಕಳಚಿ ತಂದದ್ದು, ಬೋರ್ಡು ಹೆಸರಿಲ್ಲದ್ದು. ಎಚ್61 ಎಂದು ಬರೆದಿದ್ದರಂತೂ ಅದು 2011ರ ವಿನ್ಯಾಸ. ಅದರ ಸಾಟಾ ಪೋರ್ಟುಗಳು ಹಳೆಯ ವೇಗದವು, ಸೆಕೆಂಡಿಗೆ 550 ಎಂಬಿ ಓದಬಲ್ಲ ಎಸ್‌ಎಸ್‌ಡಿಯನ್ನು ಹಾಕಿದರೂ ಅದರ ಅರ್ಧಕ್ಕೇ ನಿಲ್ಲುತ್ತದೆ. ‘ಹೊಸ ಕಂಪ್ಯೂಟರ್’ ಎಂದು ಇದನ್ನು ಮಾರುವುದು ನನಗೆ ಸರಿ ಕಾಣುವುದಿಲ್ಲ. ಹಳೆಯದೆಂದು ಹೇಳಿ ಮಾರಿದರೆ ತಪ್ಪಿಲ್ಲ.

ವಿಂಡೋಸ್ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದದ್ದು ಇಂಟೆಲ್‌ನಲ್ಲಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಅದರ ನಂತರದ್ದು, ಜತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗ. ಹಳೆಯ ಐ7 ಮೇಲೂ ಅಡ್ಡದಾರಿಯಲ್ಲಿ 11 ಹಾಕಿ ಕೊಡುತ್ತಾರೆ, ಅದು ಓಡುತ್ತದೆ ಕೂಡ. ಆದರೆ ಅಂತಹ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಗಿರಾಕಿಗಳ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ದಿನವೂ ನಿಮ್ಮ ಯಂತ್ರದಲ್ಲಿ ಸ್ಕ್ಯಾನ್ ಆಗುತ್ತವೆ. ಭದ್ರತೆಯಿಲ್ಲದ ವಿಂಡೋಸ್ ಮೇಲೆ ಅವನ್ನು ಇಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಈಗ ನಿಮ್ಮ ಯಜಮಾನರ ವಿಡಿಯೊ. ನಿಮ್ಮ ಆಯ್ಕೆಯನ್ನು ನಿಜವಾಗಿ ನಿರ್ಧರಿಸಬೇಕಾದದ್ದು ಇದೇ.

ಹೊಸ ಕ್ಯಾಮೆರಾಗಳು ವಿಡಿಯೊವನ್ನು ಎಚ್.265 ಎಂಬ ಕ್ರಮದಲ್ಲಿ ಬಹಳ ಬಿಗಿಯಾಗಿ ಮಡಚಿ ಇಡುತ್ತವೆ. ನೋಡುವಾಗ ಕಂಪ್ಯೂಟರ್ ಪ್ರತಿ ಸೆಕೆಂಡಿಗೆ 25 ಅಥವಾ 50 ಸಲ ಆ ಮಡಿಕೆ ಬಿಡಿಸಬೇಕು. ಪ್ರೊಸೆಸರ್‌ನ ಕೋರ್‌ಗಳಿಗೇ ಈ ಕೆಲಸ ಬಿದ್ದರೆ ಅವು ಸೋತುಹೋಗುತ್ತವೆ. ಹೊಸ ತಲೆಮಾರುಗಳಲ್ಲಿ ಇದಕ್ಕೆಂದೇ ಬೇರೊಂದು ಪುಟ್ಟ ಯಂತ್ರವನ್ನು ಚಿಪ್‌ನ ಗ್ರಾಫಿಕ್ಸ್ ಭಾಗದಲ್ಲಿ ಕೂರಿಸಿರುತ್ತಾರೆ. 4ನೇ ತಲೆಮಾರಿನಲ್ಲಿ ಎಚ್.265ಗೆ ಅಂತಹ ಪೂರ್ಣ ಏರ್ಪಾಡು ಇಲ್ಲ. 6ನೇ ತಲೆಮಾರಿಗೆ ಬಂತು, 7ಕ್ಕೆ ಬಣ್ಣದ ಛಾಯೆಗಳನ್ನು ಹೆಚ್ಚು ಹಿಡಿಯುವ 10 ಬಿಟ್ ಸೇರಿತು. ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್ 4:2:2 ಎಂಬ ದರ್ಜೆಯನ್ನು ಬಿಡಿಸುವ ಶಕ್ತಿ ಡೆಸ್ಕ್‌ಟಾಪ್ ಇಂಟೆಲ್‌ಗೆ ಸಿಕ್ಕಿದ್ದು 11ನೇ ತಲೆಮಾರಿನಲ್ಲಿ. ಯಕ್ಷಗಾನದ ವೇಷದ ಕೆಂಪು, ಹಸಿರು, ಮುಖವರ್ಣಿಕೆಯ ಸೂಕ್ಷ್ಮ ಗೆರೆ ಇವನ್ನೆಲ್ಲ ರಾತ್ರಿಯ ಬೆಳಕಿನಲ್ಲಿ ಹಿಡಿಯುವವರು ಈ 4:2:2ನ್ನೇ ಆರಿಸುತ್ತಾರೆ. ಯಜಮಾನರ ಕ್ಯಾಮೆರಾದ ಮೆನುವಿನಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಎಚ್.265, 10 ಬಿಟ್, 4:2:2 ಎಂದಿದ್ದರೆ 15,500ರ ಐ7 ನಿಮಗೆ ಪ್ರಯೋಜನವಿಲ್ಲ. ಈಗ ನಿಂತು ನಿಂತು ಓಡುವ ವಿಡಿಯೊ ಅದರಲ್ಲೂ ಹಾಗೆಯೇ ಓಡುತ್ತದೆ.

ಇಷ್ಟು ತಿಳಿದ ಮೇಲೆ ಎರಡನೆಯ ಚೀಟಿ ನೋಡೋಣ. ಅದರಲ್ಲಿ ಬರೆದಿರುವುದು ಐ5-12400 ಅಲ್ಲ, ಐ5-12400ಎಫ್. ಆ ‘ಎಫ್’ ಅಕ್ಷರದ ಅರ್ಥ, ಈ ಚಿಪ್‌ನ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ ಎಂದು. ಪರದೆಗೆ ಚಿತ್ರ ಬರಲೆಂದು ಅಂಗಡಿಯವರು 2 ಜಿಬಿಯ ಜಿಟಿ 710 ಕಾರ್ಡು ಸೇರಿಸಿದ್ದಾರೆ. ಆ ಕಾರ್ಡಿಗೆ ಎಚ್.265 ಬಿಡಿಸಲು ಬರುವುದೇ ಇಲ್ಲ. ‘2 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದು ಓದಿದಾಗ ದೊಡ್ಡ ಉಡುಗೊರೆ ಎನ್ನಿಸುತ್ತದೆ. ನಿಮ್ಮ ಕೆಲಸಕ್ಕೆ ಅದು ನಷ್ಟ. ಎಫ್ ಇಲ್ಲದ 12400 ಕೊಡಿ, ಈ ಕಾರ್ಡು ಬೇಡ ಎಂದು ಹೇಳಿ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಬರಲಾರದು. ಆ ಚಿಪ್‌ನೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ 4:2:2 ಎಚ್.265 ಅನ್ನು ಬಿಡಿಸುತ್ತದೆ, ಅಡೋಬ್ ಪ್ರೀಮಿಯರ್ ಅದನ್ನು ಬಳಸಿಕೊಳ್ಳುತ್ತದೆ. ಎಎಂಡಿ ರೈಜನ್ ಚಿಪ್‌ಗಳು ಬೇರೆ ಕೆಲಸಗಳಲ್ಲಿ ಇಂಟೆಲ್‌ಗೆ ಸರಿಸಮ, ಕೆಲವು ಕಡೆ ಒಂದು ಕೈ ಮೇಲು. ಅವುಗಳ ಒಳಗಿನ ಗ್ರಾಫಿಕ್ಸ್‌ಗೆ ಈ ಒಂದು ವಿದ್ಯೆ ಇಲ್ಲದ ಕಾರಣ ನಿಮ್ಮ ಮಟ್ಟಿಗೆ ಅವನ್ನು ಬದಿಗಿಡುತ್ತಿದ್ದೇನೆ.

ಎರಡನೆಯ ತಿದ್ದುಪಡಿ ಬೋರ್ಡಿನದು. ಎಚ್610 ಎಂದು ಬರೆದಿದ್ದಾರೆ. ಅದರಲ್ಲಿ ರ್ಯಾಮ್‌ಗೆ ಎರಡೇ ಸ್ಲಾಟು. 8 ಜಿಬಿಯ ಎರಡು ಕೂರಿಸಿದರೆ ತುಂಬಿತು, ನಾಳೆ 32 ಜಿಬಿ ಬೇಕೆಂದಾಗ ಇರುವುದನ್ನು ತೆಗೆದು ಹಾಕಬೇಕು. ಬಿ660 ಅಥವಾ ಬಿ760 ಚಿಪ್‌ಸೆಟ್‌ನ, ಡಿಡಿಆರ್4 ರ್ಯಾಮ್ ಹಾಕುವ, ನಾಲ್ಕು ಸ್ಲಾಟಿರುವ ಬೋರ್ಡು ಕೇಳಿ. 2025ರ ಕೊನೆಯಿಂದ ರ್ಯಾಮ್ ಬೆಲೆ ಗಗನಕ್ಕೇರಿದೆ. ಎಐ ದತ್ತಾಂಶ ಕೇಂದ್ರಗಳಿಗೆ ಬೇಕಾದ ಮೆಮೊರಿಯ ಕಡೆಗೆ ತಯಾರಕರು ತಿರುಗಿದ್ದೇ ಕಾರಣ. ಈಗ 8 ಜಿಬಿಯ ಎರಡು ಹಾಕಿಸಿ, ಬೆಲೆ ಇಳಿದಾಗ ಇನ್ನೆರಡು ಸೇರಿಸಿ. ಒಂದೇ 16 ಜಿಬಿ ಪಟ್ಟಿಯನ್ನು ಹಾಕಿದರೆ ಒಳಗಿನ ಗ್ರಾಫಿಕ್ಸ್‌ಗೆ ಸಿಗುವ ಮೆಮೊರಿ ವೇಗ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಜೋಡಿಯಾಗಿಯೇ ಹಾಕಿಸಬೇಕು.

ಮೂರನೆಯ ಚೀಟಿಯ ಕೋರ್ ಅಲ್ಟ್ರಾ 5 225 ಒಳ್ಳೆಯ ಚಿಪ್, ಅದರಲ್ಲಿ ಅನುಮಾನವಿಲ್ಲ. ವಿಡಿಯೊ ಬಿಡಿಸುವುದರಲ್ಲಿ 12400ಗಿಂತ ಮುಂದು, ಕೋರ್ ಹತ್ತು. ಆದರೆ ಅದಕ್ಕೆ ಎಲ್‌ಜಿಎ 1851 ಎಂಬ ಬೇರೆಯೇ ಸಾಕೆಟ್, ಡಿಡಿಆರ್5 ರ್ಯಾಮ್ ಮಾತ್ರ. ‘ಎಐ ಕಂಪ್ಯೂಟರ್’ ಎಂದು ಹೇಳಿ ಮಾರುತ್ತಾರೆ. ಅದರೊಳಗಿನ ಎಐ ಭಾಗದ ಸಾಮರ್ಥ್ಯ 13 ಟಾಪ್ಸ್, ಅಂದರೆ ಸೆಕೆಂಡಿಗೆ 13 ಲಕ್ಷ ಕೋಟಿ ಲೆಕ್ಕ. ಮೈಕ್ರೋಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ಎಂಬ ಎಐ ಸೌಲಭ್ಯಗಳಿಗೆ ಇಟ್ಟ ಕನಿಷ್ಠ ಅಳತೆ 40. ಆ ಹೆಸರಿಗಾಗಿ 19,000 ರೂಪಾಯಿ ಹೆಚ್ಚು ಕೊಡಬೇಡಿ. ಅದೇ ಹಣದ ಒಂದು ಪಾಲನ್ನು ಎಲ್ಲಿ ಹಾಕಬೇಕೆಂದು ಮುಂದೆ ಹೇಳುತ್ತೇನೆ.

‘12 ಹಳೆಯದಾಯಿತು, 14 ಕೊಡಿ’ ಎನ್ನುವವರೂ ಇದ್ದಾರೆ. 14ನೇ ತಲೆಮಾರಿನ ಐ3-14100 ಎಂಬುದು 12100ರ ವೇಗವನ್ನು 4.3ರಿಂದ 4.7 ಗಿಗಾಹರ್ಟ್ಜ್‌ಗೆ ಏರಿಸಿದ್ದು, ಅಷ್ಟೇ. ಐ5-13400 ಮತ್ತು 14400ರಲ್ಲಿ ನಾಲ್ಕು ಚಿಕ್ಕ ಕೋರ್‌ಗಳು ಹೆಚ್ಚಿಗೆ ಇವೆ, ವಿಡಿಯೊ ಸಿದ್ಧಪಡಿಸಿ ಹೊರತೆಗೆಯುವಾಗ ಅದು ತಿಳಿಯುತ್ತದೆ. ಎರಡು ಮೂರು ಸಾವಿರದ ಅಂತರದಲ್ಲಿ ಎಫ್ ಇಲ್ಲದ 13400 ಅಥವಾ 14400 ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಾದರೆ 12400 ಸಾಕು. ಆದರೆ ಆ ಎರಡು ತಲೆಮಾರಿನ ಮೇಲ್ದರ್ಜೆಯ ಐ7, ಐ9 ಚಿಪ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಅಳತೆ ಮೀರಿದ ವೋಲ್ಟೇಜ್‌ನಿಂದ ಅವುಗಳಲ್ಲಿ ಕೆಲವು ಕ್ರಮೇಣ ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್‌ನ ಒಳಗಿನ ತಂತ್ರಾಂಶ) ತಿದ್ದುಪಡಿ ಹೊರಡಿಸಿ, ಖಾತರಿಯನ್ನೂ ಎರಡು ವರ್ಷ ವಿಸ್ತರಿಸಿತು. ಮೊದಲಿನ ಮಾಲೀಕರು ಆ ತಿದ್ದುಪಡಿ ಹಾಕಿದ್ದರೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. 12ನೇ ತಲೆಮಾರಿಗೆ ಈ ತೊಂದರೆ ತಟ್ಟಿಲ್ಲ.

ಕರೆಂಟ್ ಬಿಲ್ ಉಳಿಯುತ್ತದೆಂದು ಹೊಸದನ್ನು ಹೊಗಳುವುದುಂಟು. ಲೆಕ್ಕ ಹಾಕಿ ನೋಡಿ: ಹಳೆಯದು 20 ವ್ಯಾಟ್ ಹೆಚ್ಚು ತಿನ್ನುತ್ತದೆ ಎಂದುಕೊಳ್ಳೋಣ, ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ. 60 ಯುನಿಟ್ ಆಯಿತು. ಅದಕ್ಕಾಗಿ ಕಂಪ್ಯೂಟರ್ ಬದಲಿಸುವವರು ಯಾರೂ ಇಲ್ಲ.

ಉಳಿಸಿದ ಹಣ ಹೋಗಬೇಕಾದದ್ದು ಮೂರು ಕಡೆ. ಮೊದಲನೆಯದು ಹಾರ್ಡ್ ಡಿಸ್ಕ್. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಐದು ಗಂಟೆಯ ಒಂದು ಪ್ರಸಂಗಕ್ಕೆ 225 ಜಿಬಿ. 512 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಕೋರೆಲ್, ಫೋಟೋಶಾಪ್ ಕುಳಿತ ಮೇಲೆ ಎರಡು ಆಟದ (ಯಕ್ಷಗಾನ ಪ್ರದರ್ಶನದ) ವಿಡಿಯೊ ಹಿಡಿಸುವುದಿಲ್ಲ. ಕೆಲಸ ನಡೆಯುವ ಆಟ ಎಸ್‌ಎಸ್‌ಡಿಯಲ್ಲಿ ಇರಲಿ, ಮುಗಿದದ್ದು 4 ಟಿಬಿಯ ಹಾರ್ಡ್ ಡಿಸ್ಕಿಗೆ ಹೋಗಲಿ. ಎರಡನೆಯದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ. ಕ್ಯಾಬಿನೆಟ್ ಜತೆ ಪುಕ್ಕಟೆ ಬರುವುದು ಬೇಡ, 80 ಪ್ಲಸ್ ಬ್ರಾಂಜ್ ಎಂದು ಬರೆದಿರುವ 450 ವ್ಯಾಟಿನದು ಹಾಕಿಸಿ. ಮೂರನೆಯದು ಯುಪಿಎಸ್, ಮತ್ತು ಅದಕ್ಕೂ ಮುಂಚೆ ಅರ್ತಿಂಗ್. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್‌ನ ತಗಡನ್ನು ಮುಟ್ಟಿದಾಗ ಬೆರಳಿಗೆ ಜುಂ ಎನ್ನುತ್ತದೆ ಎಂದು ಎಷ್ಟೋ ಮಂದಿ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ಅದು ಅರ್ತಿಂಗ್ ಇಲ್ಲವೆಂಬ ಸೂಚನೆ. ಇಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸದೆ ಹೊಸ ಯಂತ್ರಕ್ಕೆ ಪ್ಲಗ್ ಚುಚ್ಚಬೇಡಿ. ಗುಡುಗು ಶುರುವಾದಾಗ ಪ್ಲಗ್ ಕೀಳುವವರೂ ಇಂಟರ್ನೆಟ್ ರೂಟರಿನಿಂದ ಬರುವ ಕೇಬಲನ್ನು ಮರೆಯುತ್ತಾರೆ. ಸಿಡಿಲಿನ ಏಟು ಆ ತಂತಿಯಿಂದ ಒಳಗೆ ಬಂದು ಬೋರ್ಡು ಸುಟ್ಟದ್ದನ್ನು ಪ್ರತಿ ವರ್ಷ ನೋಡುತ್ತೇನೆ. ಅದನ್ನೂ ಕಿತ್ತಿಡಿ.

38,000 ನಿಮಗೆ ಭಾರ, ಯಜಮಾನರ ವಿಡಿಯೊ ಈ ವರ್ಷ ಹಳೆಯ ಕ್ರಮದಲ್ಲೇ ಸಾಗಲಿ ಎಂದಾದರೆ ಇನ್ನೊಂದು ದಾರಿ ಇದೆ. ದೊಡ್ಡ ಕಚೇರಿಗಳಿಂದ ಹೊರಬಂದ, ಐ5-8500 ಅಥವಾ 9500 ಇರುವ ಬ್ರಾಂಡೆಡ್ ಯಂತ್ರಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಆರು ಕೋರ್, ವಿಂಡೋಸ್ 11ಕ್ಕೆ ಅರ್ಹ, ಕಾರ್ಡು ಕೆಲಸಕ್ಕೆ ಧಾರಾಳ. ಅವುಗಳ ಬೋರ್ಡು ಮತ್ತು ಎಸ್‌ಎಂಪಿಎಸ್ ಆಯಾ ಕಂಪನಿಯ ಅಳತೆಯವು, ಪೇಟೆಯ ಸಾಮಾನ್ಯ ಭಾಗ ಕೂರುವುದಿಲ್ಲ ಎಂಬ ಒಂದು ತೊಡಕು ಉಂಟು. ಕೊಳ್ಳುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರನ್ನು ನೀವೇ ಕಣ್ಣಾರೆ ಓದಿ. ಕ್ಯಾಬಿನೆಟ್ ಮೇಲಿನ ಸ್ಟಿಕ್ಕರ್ ನಂಬಬೇಡಿ. 8ನೇ ತಲೆಮಾರಿನ ಕೆಳಗಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಅಂಗಡಿಯ ಮುಖ್ಯ ಯಂತ್ರವಾಗಿ ತರಬೇಡಿ.

ಮಾನಿಟರ್ ಬಗ್ಗೆ: ನೀವು ಕಳುಹಿಸಿದ ಫೋಟೋದಲ್ಲಿ ಹಿಂಬದಿಗೆ ನೀಲಿ ಬಣ್ಣದ ವಿಜಿಎ ಪೋರ್ಟು ಒಂದೇ ಕಾಣುತ್ತದೆ. ಹೊಸ ಬೋರ್ಡುಗಳಲ್ಲಿ ಕೆಲವಕ್ಕೆ ಮಾತ್ರ ವಿಜಿಎ ಇದೆ, ಮೊದಲೇ ಕೇಳಿ. ಇಲ್ಲದಿದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಚಿಕ್ಕ ಅಡಾಪ್ಟರ್ ಸಾಕು. ಕಾರ್ಡು ವಿನ್ಯಾಸಕ್ಕೆ ಅದು ಸದ್ಯಕ್ಕೆ ನಡೆಯುತ್ತದೆ. ವಿಡಿಯೊದ ಬಣ್ಣ ಹೊಂದಿಸಲು ಮಾತ್ರ ಯಜಮಾನರಿಗೆ ಮುಂದಿನ ಮೇಳದ ತಿರುಗಾಟ ಶುರುವಾಗುವುದರೊಳಗೆ ಬಣ್ಣವನ್ನು ಹೆಚ್ಚು ನಿಖರವಾಗಿ ತೋರಿಸುವ ಒಂದು ಐಪಿಎಸ್ ಮಾನಿಟರ್ ಬೇಕಾಗುತ್ತದೆ.